ಅಗ್ಗದ ಬರ್ಬನ್, ಸ್ಟ್ರಾಂಗ್ ಬರ್ಬನ್: ನಾಲ್ಕು ಬಾಟಲಿ, ಎರಡು ಸಂಜೆ

ಸಿನ್ಸಿನಾಟಿಯ ನಮ್ಮ ಮನೆಯಿಂದ ಹೊರಟು ಓಹಾಯೋ ನದಿಯ ಸೇತುವೆ ದಾಟಿದರೆ ಕೆಂಟಕಿ. ಬರ್ಬನ್ ವಿಸ್ಕಿಯ ತವರು. ಇಲ್ಲಿಗೆ ಬಂದ ಹೊಸದರಲ್ಲಿ ನಾವು ನಾಲ್ಕು ಜನ ಗೆಳೆಯರು ಒಂದು ಸಂಜೆ ಆರು ಬಾಟಲಿ ಮುಂದಿಟ್ಟುಕೊಂಡು ಕೂತಿದ್ದೆವು. ಯಾವುದು ಚೆನ್ನಾಗಿದೆ ನೋಡೋಣ ಎಂಬುದಷ್ಟೇ ಉದ್ದೇಶ. ಯಾರೋ ಎಲ್ಲಕ್ಕಿಂತ ಸ್ಟ್ರಾಂಗ್ ಬಾಟಲಿಯನ್ನೇ ಮೊದಲು ತೆಗೆದರು. ಎರಡನೇ ಗುಟುಕಿಗೆ ನಾಲಿಗೆ ಮರಗಟ್ಟಿತು. ಆಮೇಲೆ ಬಾಯಿಗೆ ಬಂದದ್ದೆಲ್ಲ ಸಿಹಿ ನೀರಿನ ಹಾಗೆ. ಮರುದಿನ ಕೇಳಿದರೆ ಯಾವುದರ ರುಚಿ ಹೇಗಿತ್ತು ಎಂದು ಒಬ್ಬರಿಗೂ ಹೇಳಲಾಗಲಿಲ್ಲ. ಆ ಆರರಲ್ಲಿ ಕೆಟ್ಟ ವಿಸ್ಕಿ ಒಂದೂ ಇರಲಿಲ್ಲ. ನಾವು ರುಚಿ ನೋಡಿದ ಕ್ರಮ ತಪ್ಪಿತ್ತು.

ಆಮೇಲೆ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಅದರ ಹಿಂದೆ ಇರುವುದು ಒಂದೇ ವಿಚಾರ. ಒಂದು ಸಲಕ್ಕೆ ಒಂದೇ ವಿಷಯ ಬದಲಾಗಬೇಕು. ಕಂಪನಿ ಬೇರೆ, ಧಾನ್ಯ ಬೇರೆ, ವಯಸ್ಸು ಬೇರೆ, ಸ್ಟ್ರೆಂತ್ ಬೇರೆ ಇರುವ ಎರಡು ವಿಸ್ಕಿಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಇಷ್ಟ ಎಂದು ಹೇಳಬಹುದು. ಯಾಕೆ ಇಷ್ಟ ಎಂದು ಹೇಳಲು ಆಗುವುದಿಲ್ಲ. ಆ "ಯಾಕೆ" ಗೊತ್ತಾದರೆ ಮುಂದಿನ ಬಾಟಲಿಗೆ ಹಾಕುವ ದುಡ್ಡು ಸರಿಯಾದ ಜಾಗಕ್ಕೆ ಹೋಗುತ್ತದೆ.

ಯಾವ ನಾಲ್ಕು ಬಾಟಲಿ

ಮೊದಲ ಜೋಡಿ ಇವಾನ್ ವಿಲಿಯಮ್ಸ್. ಕಪ್ಪು ಲೇಬಲ್‌ನದು ಶೇ 43 ಆಲ್ಕೋಹಾಲ್. ಬಿಳಿ ಲೇಬಲ್‌ನದು "ಬಾಟಲ್ಡ್ ಇನ್ ಬಾಂಡ್", ಶೇ 50. ಎರಡೂ ಹೆವೆನ್ ಹಿಲ್ ಕಂಪನಿಯವು. ಧಾನ್ಯದ ಲೆಕ್ಕವೂ ಒಂದೇ: 78 ಭಾಗ ಮೆಕ್ಕೆಜೋಳ, 12 ಭಾಗ ಮೊಳಕೆ ಬಾರ್ಲಿ, 10 ಭಾಗ ರೈ (ಗೋಧಿಯಂಥ ಒಂದು ಧಾನ್ಯ). ಅಮೆರಿಕದ ಅಂಗಡಿಗಳಲ್ಲಿ ಇವು ಕೆಳಗಿನ ಸಾಲಿನಲ್ಲಿ ಕೂತಿರುತ್ತವೆ. ಬಹಳ ಕಡೆ 20 ಡಾಲರ್ ಆಸುಪಾಸಿನಲ್ಲಿ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ ಸಿಗುತ್ತವೆ.

ಎರಡನೇ ಜೋಡಿ ವೈಲ್ಡ್ ಟರ್ಕಿ 101 ಮತ್ತು ಅದರ ಅಣ್ಣ ರೇರ್ ಬ್ರೀಡ್. 101 ಎಂದರೆ ಶೇ 50.5. ರೇರ್ ಬ್ರೀಡ್ ಬ್ಯಾರೆಲ್ ಪ್ರೂಫ್, ಅಂದರೆ ಪೀಪಾಯಿಯಿಂದ ಬಂದದ್ದಕ್ಕೆ ನೀರು ಬೆರೆಸದೆ ತುಂಬಿದ್ದು. ಈಗಿನ ಲೇಬಲ್ ಪ್ರಕಾರ ಶೇ 58.4. ಎರಡಕ್ಕೂ 75 ಮೆಕ್ಕೆಜೋಳ, 13 ರೈ, 12 ಬಾರ್ಲಿ. ಕೆಂಟಕಿಯ ಲಾರೆನ್ಸ್‌ಬರ್ಗ್‌ನಲ್ಲಿ ತಯಾರಾಗುತ್ತವೆ. ಅಲ್ಲಿ ಹೆಸರಾಂತ ವಿಸ್ಕಿ ತಯಾರಕ ಜಿಮ್ಮಿ ರಸೆಲ್ 1954ರಲ್ಲಿ ಕೆಲಸಕ್ಕೆ ಸೇರಿದರು. ಮಗ ಎಡ್ಡಿ 1981ರಲ್ಲಿ ಬಂದರು.

ಜೋಡಿ ಮಾಡಿದ್ದರ ಕಾರಣ ಗೊತ್ತಾಯಿತಲ್ವಾ? ಒಂದು ಜೋಡಿಯೊಳಗೆ ಮುಖ್ಯವಾಗಿ ಬದಲಾಗುವುದು ಸ್ಟ್ರೆಂತ್. ಇನ್ನು ಬಿಳಿ ಲೇಬಲ್ ಇವಾನ್ ಮತ್ತು 101, ಇವೆರಡರ ಸ್ಟ್ರೆಂತ್ ಹೆಚ್ಚುಕಡಿಮೆ ಒಂದೇ. ಅಲ್ಲಿ ಬದಲಾಗುವುದು ಮನೆತನ. ನಾಲ್ಕೇ ಬಾಟಲಿಯಲ್ಲಿ ಮೂರು ಹೋಲಿಕೆ ಸಿಗುತ್ತದೆ.

ನಾಲ್ಕನ್ನೂ ಒಬ್ಬರೇ ಕೊಳ್ಳಬೇಕಿಲ್ಲ. ನಾಲ್ಕು ಜನ ಒಂದೊಂದು ತಂದರೆ ಆಯಿತು. ಬಹಳ ಅಂಗಡಿಗಳಲ್ಲಿ 50 ಮಿಲಿಯ ಪುಟ್ಟ ಬಾಟಲಿ ಸಿಗುತ್ತದೆ. ಒಬ್ಬರೇ ಆದರೆ ಅದರಲ್ಲಿ ಎರಡು ಸಂಜೆ ಆರಾಮವಾಗಿ ಕಳೆಯಬಹುದು.

ಮೊದಲು ಲೇಬಲ್ ಓದಿ

ಪ್ರೂಫ್ ಎಂಬ ಪದ ನಮ್ಮವರನ್ನು ತುಂಬಾ ಗಲಿಬಿಲಿ ಮಾಡುತ್ತದೆ. ಅಮೆರಿಕದಲ್ಲಿ ಲೆಕ್ಕ ಸುಲಭ. ಪ್ರೂಫ್‌ನ ಅರ್ಧ ಆಲ್ಕೋಹಾಲ್ ಶೇಕಡಾವಾರು. 100 ಪ್ರೂಫ್ ಎಂದರೆ ಶೇ 50. ನಮ್ಮೂರಿನ ಬಾಟಲಿಗಳ ಮೇಲೆ ಶೇ 42.8 ಎಂದು ಇರುತ್ತದೆ. ಪಕ್ಕದಲ್ಲಿ 25 ಯು.ಪಿ. (ಅಂಡರ್ ಪ್ರೂಫ್) ಎಂದೋ 75 ಡಿಗ್ರಿ ಪ್ರೂಫ್ ಎಂದೋ ಬರೆದಿರುವುದುಂಟು. ಅದು ಹಳೆಯ ಬ್ರಿಟಿಷ್ ಅಳತೆ. ಆ ಅಳತೆಯಲ್ಲಿ 100 ಪ್ರೂಫ್ ಎಂದರೆ ಸುಮಾರು ಶೇ 57.1. ಹಾಗಾಗಿ ಊರಿನ 75 ಮತ್ತು ಇಲ್ಲಿನ 86 ಎರಡೂ ಹೆಚ್ಚುಕಡಿಮೆ ಒಂದೇ ಸ್ಟ್ರೆಂತ್. ಸಂದೇಹ ಬಂದರೆ ಪ್ರೂಫ್ ಬಿಡಿ, ಶೇಕಡಾ ನೋಡಿ.

ಇನ್ನು ಬರ್ಬನ್ ಎಂದು ಬರೆದುಕೊಳ್ಳಲು ಕಾನೂನಿನ ಷರತ್ತುಗಳಿವೆ. ಅಮೆರಿಕದಲ್ಲೇ ತಯಾರಾಗಿರಬೇಕು. ಧಾನ್ಯದಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳ ಇರಬೇಕು. ಒಳಗೆ ಸುಟ್ಟ ಹೊಸ ಓಕ್ ಮರದ ಪೀಪಾಯಿಯಲ್ಲೇ ಇಡಬೇಕು. ಪೀಪಾಯಿಗೆ ತುಂಬುವಾಗ ಶೇ 62.5 ಮೀರಬಾರದು. ಬಾಟಲಿಗೆ ತುಂಬುವಾಗ ಶೇ 40ಕ್ಕಿಂತ ಕಡಿಮೆ ಇರಬಾರದು. ಬಣ್ಣ, ಎಸೆನ್ಸ್ ಸೇರಿಸುವಂತಿಲ್ಲ. "ಸ್ಟ್ರೇಟ್" ಎಂದಿದ್ದರೆ ಕನಿಷ್ಠ 2 ವರ್ಷ ಪೀಪಾಯಿಯಲ್ಲಿ ಇತ್ತು ಎಂದರ್ಥ. 4 ವರ್ಷ ತುಂಬಿರದಿದ್ದರೆ ವಯಸ್ಸನ್ನು ಲೇಬಲ್ ಮೇಲೆ ಹೇಳಲೇಬೇಕು.

"ಬಾಟಲ್ಡ್ ಇನ್ ಬಾಂಡ್" ಎಂಬ ಮೂರು ಪದಗಳ ಬಗ್ಗೆ ನನಗೆ ವಿಶೇಷ ಪ್ರೀತಿ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ವಿಸ್ಕಿ ಎಂದು ಮಾರುತ್ತಿದ್ದುದರಲ್ಲಿ ಬಹಳಷ್ಟು ಕಲಬೆರಕೆ. ಬಣ್ಣ ಬರಲಿ ಎಂದು ಹೊಗೆಸೊಪ್ಪಿನ ರಸ ಬೆರೆಸಿದ್ದೂ ಉಂಟು. ಕರ್ನಲ್ ಇ.ಎಚ್. ಟೇಲರ್ ಎಂಬ ಡಿಸ್ಟಿಲರಿ ಮಾಲೀಕರು ಇದರ ವಿರುದ್ಧ ಹೋರಾಡಿದರು. ಖಜಾನೆ ಕಾರ್ಯದರ್ಶಿ ಜಾನ್ ಕಾರ್ಲೈಲ್ ಜೊತೆ ನಿಂತರು. 1897ರಲ್ಲಿ ಕಾನೂನು ಬಂತು. ಒಂದೇ ಡಿಸ್ಟಿಲರಿ, ಒಂದೇ ಋತುವಿನ ತಯಾರಿಕೆ, ಸರ್ಕಾರದ ಕಣ್ಗಾವಲಿನ ಗೋದಾಮಿನಲ್ಲಿ ಕನಿಷ್ಠ 4 ವರ್ಷ, ಬಾಟಲಿಯಲ್ಲಿ ಸರಿಯಾಗಿ ಶೇ 50. ಎಲ್ಲಿ ತಯಾರಾಯಿತು ಎಂಬುದರ ನಂಬರನ್ನೂ ಲೇಬಲ್ ಮೇಲೆ ಹಾಕಬೇಕು. ಇವಾನ್ ಬಿಳಿ ಲೇಬಲ್ ಹಿಂಬದಿಯಲ್ಲಿ ಡಿಎಸ್‌ಪಿ-ಕೆವೈ-1 ಎಂದು ಹುಡುಕಿ. ಅದು ಲೂಯಿವಿಲ್‌ನ ಬರ್ನ್‌ಹೈಮ್ ಡಿಸ್ಟಿಲರಿ. ಬಾರ್ಡ್ಸ್‌ಟೌನ್‌ನಲ್ಲಿದ್ದ ಹೆವೆನ್ ಹಿಲ್ ಡಿಸ್ಟಿಲರಿ 1996ರ ಬೆಂಕಿಯಲ್ಲಿ ಸುಟ್ಟುಹೋಯಿತು. 90,000ಕ್ಕೂ ಹೆಚ್ಚು ಪೀಪಾಯಿ ನಾಶವಾದವು. ಆಮೇಲೆ 1999ರಲ್ಲಿ ಅವರು ಕೊಂಡದ್ದೇ ಈ ಬರ್ನ್‌ಹೈಮ್. 20 ಡಾಲರಿನ ಬಾಟಲಿಯೊಂದು ತನ್ನ ಹುಟ್ಟೂರನ್ನು ಇಷ್ಟು ಸ್ಪಷ್ಟವಾಗಿ ಹೇಳುತ್ತದೆ. ನೂರಾರು ಡಾಲರಿನ ಎಷ್ಟೋ ಬಾಟಲಿಗಳು ಹೇಳುವುದಿಲ್ಲ.

ಸ್ಟ್ರೆಂತ್ ಎಲ್ಲಿಂದ ಬರುತ್ತದೆ

ಕೆಂಟಕಿಯ ಗೋದಾಮುಗಳು ಹಲವು ಅಂತಸ್ತಿನ ಕಟ್ಟಡಗಳು. ಬೇಸಿಗೆಯಲ್ಲಿ ಮೇಲಿನ ಅಂತಸ್ತು ಕಾದುಹೋಗುತ್ತದೆ. ಅಲ್ಲಿ ಪೀಪಾಯಿಯಿಂದ ಆಲ್ಕೋಹಾಲ್‌ಗಿಂತ ನೀರು ಬೇಗ ಆವಿಯಾಗುತ್ತದೆ. ಹಾಗಾಗಿ ವರ್ಷ ಕಳೆದಂತೆ ವಿಸ್ಕಿ ಇನ್ನೂ ಸ್ಟ್ರಾಂಗ್ ಆಗುತ್ತದೆ. ತಂಪು ತೇವದ ಸ್ಕಾಟ್ಲೆಂಡಿನಲ್ಲಿ ಇದರ ಉಲ್ಟಾ.

ಪೀಪಾಯಿಯಿಂದ ಹೊರಬಂದ ವಿಸ್ಕಿಗೆ ಸಾಮಾನ್ಯವಾಗಿ ನೀರು ಬೆರೆಸಿ ಬಾಟಲಿಗೆ ಇಳಿಸುತ್ತಾರೆ. ಎಷ್ಟು ನೀರು ಎಂಬುದೇ ಇಲ್ಲಿನ ಗುಟ್ಟು. ಹೆವೆನ್ ಹಿಲ್ ಪೀಪಾಯಿಗೆ ತುಂಬುವುದೇ ಶೇ 62.5ಕ್ಕೆ. ಅದು ಹಾಗೇ ಉಳಿದಿದೆ ಎಂದುಕೊಳ್ಳಿ. ಶೇ 43ಕ್ಕೆ ಇಳಿಸಲು 100 ಲೀಟರಿಗೆ ಸುಮಾರು 45 ಲೀಟರ್ ನೀರು ಬೇಕು. ವೈಲ್ಡ್ ಟರ್ಕಿಯವರು ತುಂಬುವುದು ಶೇ 57.5ಕ್ಕೆ. ಅವರ ಬ್ಯಾರೆಲ್ ಪ್ರೂಫ್ ಶೇ 58.4 ಇದ್ದರೆ, ಶೇ 50.5ರ 101 ಮಾಡಲು 100 ಲೀಟರಿಗೆ 16 ಲೀಟರ್ ಸಾಕು. ಡಿಕಾಕ್ಷನ್ ಗಟ್ಟಿಯಾಗಿ ಇಳಿಸಿ ಆಮೇಲೆ ನೀರು ಹಾಕುವುದಕ್ಕೂ, ಮೊದಲೇ ಹದವಾಗಿ ಇಳಿಸುವುದಕ್ಕೂ ರುಚಿಯಲ್ಲಿ ಎಷ್ಟು ವ್ಯತ್ಯಾಸ ಎಂದು ಕಾಫಿ ಮಾಡುವ ಮನೆಯವರಿಗೆ ಹೇಳಬೇಕಿಲ್ಲ. 101ರಲ್ಲಿ ಮರದ ರುಚಿ ತುಂಬಿಕೊಂಡಿರುವುದಕ್ಕೆ ಇದೊಂದು ಕಾರಣ ಎಂದು ನನ್ನ ನಂಬಿಕೆ. ಅದರೊಳಗಿನ ವಿಸ್ಕಿಗೆ 6ರಿಂದ 8 ವರ್ಷ ವಯಸ್ಸಾಗಿರುವುದು ಇನ್ನೊಂದು ಕಾರಣ. ರೇರ್ ಬ್ರೀಡ್‌ನಲ್ಲಿ 6, 8 ಮತ್ತು 12 ವರ್ಷದ ವಿಸ್ಕಿಗಳು ಬೆರೆತಿರುತ್ತವೆ.

ಹೊಸ ಪೀಪಾಯಿಯೇ ಬೇಕು ಎಂಬ ನಿಯಮದಿಂದ ಇಲ್ಲಿ ಒಮ್ಮೆ ಬಳಸಿದ ಪೀಪಾಯಿಗೆ ಬರ್ಬನ್ ಮತ್ತೆ ತುಂಬುವಂತಿಲ್ಲ. ಅವು ಸ್ಕಾಟ್ಲೆಂಡಿಗೆ ಹೋಗುತ್ತವೆ, ಮೆಕ್ಸಿಕೋಗೆ ಹೋಗುತ್ತವೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಬರುತ್ತವೆ. ಅಮೃತ್ ಸಿಂಗಲ್ ಮಾಲ್ಟ್ ಕುಡಿದವರಿಗೆ ಬರ್ಬನ್‌ನ ವೆನಿಲಾ ಪರಿಚಿತ ಎನಿಸಿದರೆ ಅದು ಭ್ರಮೆಯಲ್ಲ.

ತಯಾರಿ

ಹೊಟ್ಟೆ ಖಾಲಿ ಇರಬಾರದು. ಖಾರದ ಊಟವನ್ನೂ ಮಾಡಿರಬಾರದು. ಸಂಜೆ ಮೊಸರನ್ನವೋ ಚಪಾತಿಯೋ ತಿಂದು ಒಂದು ಗಂಟೆ ಬಿಟ್ಟು ಕೂತರೆ ಸರಿ. ಆ ದಿನ ಮನೆಯಲ್ಲಿ ಇಂಗಿನ ಒಗ್ಗರಣೆ ಆಗಿದ್ದರೆ ಕಿಟಕಿ ತೆಗೆದು ಗಾಳಿ ಆಡಲು ಬಿಡಿ. ಅಗರಬತ್ತಿ ಹಚ್ಚಿದ ಕೋಣೆಯಲ್ಲಂತೂ ಕೂರಲೇಬೇಡಿ. ರುಚಿಯ ಬಹುಪಾಲು ಕೆಲಸ ಮೂಗಿನದು. ಅದೇ ದಣಿದಿದ್ದರೆ ಏನು ಮಾಡಿದರೂ ಸುಮ್ನೆ.

ಗ್ಲಾಸು ಬುಡದಲ್ಲಿ ಅಗಲ, ಬಾಯಿ ಕಿರಿದಾಗಿರಬೇಕು. ಸ್ಕಾಟ್ಲೆಂಡಿನ ಗ್ಲೆನ್‌ಕೇರ್ನ್ ಗ್ಲಾಸು ಇದಕ್ಕೆಂದೇ ಮಾಡಿದ್ದು. ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸು ಸಾಕು. ನಾಲ್ಕೂ ಒಂದೇ ಆಕಾರದವಾಗಿರಲಿ. ಸೋಪಿನ ವಾಸನೆ ಉಳಿಯದಂತೆ ಬಿಸಿನೀರಲ್ಲಿ ತೊಳೆದಿಡಿ.

ಮಕ್ಕಳಿಗೆ ಔಷಧಿ ಕುಡಿಸುವ, ಸೂಜಿಯಿಲ್ಲದ ಸಿರಿಂಜು ಒಂದು ಕೊಂಡುಕೊಳ್ಳಿ. ಇಡೀ ಸಾಮಾನಿನಲ್ಲಿ ಅತಿ ಮುಖ್ಯವಾದದ್ದು ಅದೇ. ಪ್ರತಿ ಗ್ಲಾಸಿಗೆ 15 ಮಿಲಿ ಅಳೆದು ಹಾಕಿ. ನಮ್ಮ ಸಣ್ಣ ಪೆಗ್ಗಿನ ಅರ್ಧ. ಇಷ್ಟೇನಾ ಎನಿಸಬಹುದು. ಲೆಕ್ಕ ಹಾಕಿ ನೋಡಿ. ನಾಲ್ಕು ಗ್ಲಾಸಿನ ಒಟ್ಟು 60 ಮಿಲಿಯಲ್ಲಿ ಸುಮಾರು 30 ಮಿಲಿ ಶುದ್ಧ ಆಲ್ಕೋಹಾಲ್ ಇರುತ್ತದೆ. ತೂಕದಲ್ಲಿ 24 ಗ್ರಾಂ. ಅಮೆರಿಕದ ಲೆಕ್ಕದಲ್ಲಿ ಒಂದು ಡ್ರಿಂಕ್ ಎಂದರೆ 14 ಗ್ರಾಂ. ಅಂದರೆ ಇದು ಒಂದೂಮುಕ್ಕಾಲು ಡ್ರಿಂಕ್‌ಗೆ ಸಮೀಪ. ಸ್ಟ್ರಾಂಗ್ ವಿಸ್ಕಿಯಲ್ಲಿ ಜನ ಎಡವುವುದು ಇಲ್ಲೇ. ಗ್ಲಾಸಿನಲ್ಲಿ ಅದೇ ಎತ್ತರ, ಒಳಗೆ ಆಲ್ಕೋಹಾಲ್ ಮೂರನೇ ಒಂದು ಭಾಗ ಜಾಸ್ತಿ. ಉಗುಳಲು ಒಂದು ಬಟ್ಟಲು ಪಕ್ಕದಲ್ಲಿರಲಿ. ಉಗುಳಿದರೂ ರುಚಿ ಪೂರ್ತಿ ಸಿಗುತ್ತದೆ, ಇದು ನಾಚಿಕೆಯ ವಿಷಯವೇ ಅಲ್ಲ. ಆ ಸಂಜೆ ಗಾಡಿ ಮುಟ್ಟಬೇಡಿ. ನಿದ್ದೆ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕೂರಬೇಡಿ. ಬಸುರಿಯರು, ಅಮೆರಿಕದಲ್ಲಿ 21 ತುಂಬದವರು ಇದರಿಂದ ದೂರ.

ಮೊದಲ ಸಂಜೆ: ನೀರಿಲ್ಲದೆ

ಎಡದಿಂದ ಬಲಕ್ಕೆ ಸ್ಟ್ರೆಂತ್ ಏರುವಂತೆ ಇಡಿ: ಇವಾನ್ ಕಪ್ಪು, ಇವಾನ್ ಬಿಳಿ, 101, ರೇರ್ ಬ್ರೀಡ್. ಹತ್ತು ನಿಮಿಷ ಹಾಗೇ ಬಿಡಿ. ಮೊದಲ ಚುರುಕು ಆವಿ ಹೋಗಲಿ.

ಮೊದಲು ಮೂಗು. ವೈನ್ ಮೂಸುವ ಹಾಗೆ ಗ್ಲಾಸಿನೊಳಗೆ ಮೂಗು ತೂರಿಸಬೇಡಿ. ಶೇ 58ರ ಆವಿ ಒಮ್ಮೆ ಹೊಡೆದರೆ ಮೂಗು ಕೆಲವು ನಿಮಿಷ ಕೆಲಸ ಮಾಡುವುದಿಲ್ಲ. ಗ್ಲಾಸನ್ನು ಗದ್ದದ ಹತ್ತಿರ ಹಿಡಿಯಿರಿ. ಬಾಯಿ ಸ್ವಲ್ಪ ತೆರೆದಿರಲಿ. ಮೆಲ್ಲಗೆ ಉಸಿರು ಎಳೆಯಿರಿ. ಆಮೇಲೆ ನಿಧಾನವಾಗಿ ಮೇಲಕ್ಕೆ ತನ್ನಿ. ನಾಲ್ಕನ್ನೂ ಮೂಸಿದ ಮೇಲೆ ನಿಮ್ಮ ಮುಂಗೈಯನ್ನೇ ಒಮ್ಮೆ ಮೂಸಿ. ಮೂಗು ಮತ್ತೆ ಹದಕ್ಕೆ ಬರುತ್ತದೆ.

ಇಂಗ್ಲಿಷಿನ ರುಚಿ ಪಟ್ಟಿಗಳನ್ನು ಪಕ್ಕಕ್ಕಿಡಿ. ನಿಮ್ಮ ಅಡುಗೆಮನೆಯ ಡಬ್ಬಿಗಳನ್ನು ನೆನಪಿಸಿಕೊಳ್ಳಿ. ಬರ್ಬನ್‌ನಲ್ಲಿರುವ ಬಹುಪಾಲು ವಾಸನೆ ಅಲ್ಲೇ ಇದೆ. ಲವಂಗಕ್ಕೆ ಘಮ ಕೊಡುವ ಯುಜೆನಾಲ್ ಸುಟ್ಟ ಓಕ್ ಮರದಲ್ಲೂ ಇದೆ. ಓಕ್‌ನ ಲ್ಯಾಕ್ಟೋನ್ ಎಂಬ ಅಂಶ ಒಣಕೊಬ್ಬರಿಯ ವಾಸನೆ ಕೊಡುತ್ತದೆ. ಮರದ ಲಿಗ್ನಿನ್ ಬೆಂಕಿಗೆ ಒಡೆದು ವೆನಿಲಾದ ಘಮ ಬರುತ್ತದೆ. ಮರದೊಳಗಿನ ಸಕ್ಕರೆ ಸುಟ್ಟು ಪಾಕದ ವಾಸನೆ. ಇವಾನ್‌ನಲ್ಲಿ ನನಗೆ ಮೊದಲು ಸಿಗುವುದು ಕಡಲೆಬೀಜದ ಚಿಕ್ಕಿ, ಹಿಂದೆಯೇ ಸುಟ್ಟ ಮೆಕ್ಕೆಜೋಳ. 101ರಲ್ಲಿ ಎಳೆ ಪಾಕದ ಬೆಲ್ಲ, ಚಕ್ಕೆ, ಕಾಳುಮೆಣಸು. ರೇರ್ ಬ್ರೀಡ್‌ನಲ್ಲಿ ಕಿತ್ತಳೆ ಸಿಪ್ಪೆ, ಜೇನು, ಹಳೆಯ ಮರದ ಬೀರು ತೆರೆದಾಗ ಬರುವ ವಾಸನೆ. ನಿಮಗೆ ಬೇರೆಯೇ ಸಿಕ್ಕರೆ ನಿಮ್ಮದೇ ಸರಿ. ಬರೆದಿಡಿ.

ಈಗ ಬಾಯಿ. ಮೊದಲ ಗುಟುಕು ಲೆಕ್ಕಕ್ಕಿಲ್ಲ. ಅರ್ಧ ಚಮಚೆಯಷ್ಟು ಇವಾನ್ ಕಪ್ಪನ್ನು ಬಾಯಿಗೆ ತೆಗೆದುಕೊಂಡು ಎಲ್ಲ ಕಡೆ ಆಡಿಸಿ. ನಾಲಿಗೆ ಉರಿಗೆ ಒಗ್ಗಲಿ ಎಂಬುದಕ್ಕಷ್ಟೇ ಅದು. ಒಂದು ನಿಮಿಷ ಬಿಟ್ಟು ಎರಡನೇ ಗುಟುಕು. ಇದೇ ನಿಜವಾದದ್ದು. ನುಂಗುವ ಮೊದಲು ಅಗಿಯುವ ಹಾಗೆ ಎರಡು ಮೂರು ಸಲ ದವಡೆ ಆಡಿಸಿ. ಬರ್ಬನ್ ತಯಾರಕ ಜಿಮ್ ಬೀಮ್ ಅವರ ಮೊಮ್ಮಗ ಬೂಕರ್ ನೋ ಇದನ್ನು "ಕೆಂಟಕಿ ಚ್ಯೂ" ಎನ್ನುತ್ತಿದ್ದರು. ಮೂರು ಕ್ಷಣ ಗಮನಿಸಿ. ನಾಲಿಗೆಗೆ ತಾಕಿದ ಕೂಡಲೇ ಏನು ಬಂತು, ಆಡಿಸುವಾಗ ಏನು ಬಂತು, ನುಂಗಿ ಉಸಿರು ಬಿಟ್ಟ ಮೇಲೆ ಏನು ಉಳಿಯಿತು. ಮೂರನೆಯದು ಎಷ್ಟು ಹೊತ್ತು ಉಳಿಯಿತು ಎಂದು ಮನಸ್ಸಿನಲ್ಲೇ ಎಣಿಸಿ.

ಉರಿ ಬಂದಾಗ ಹೆದರಬೇಡಿ, ಅದನ್ನು ರುಚಿ ಎಂದೂ ತಿಳಿಯಬೇಡಿ. ಮೆಣಸಿನಕಾಯಿಯ ಖಾರವನ್ನು ಗುರುತಿಸುವ ನರದ ತುದಿಗಳನ್ನೇ ಆಲ್ಕೋಹಾಲ್ ಕೂಡ ಕೆಣಕುತ್ತದೆ. ಅಂದರೆ ಅದು ಖಾರವೇ. ಬ್ಯಾಡಗಿ ಮೆಣಸಿನಕಾಯಿಗೂ ಗುಂಟೂರಿನದಕ್ಕೂ ಇರುವ ವ್ಯತ್ಯಾಸ ನಮಗೆ ಗೊತ್ತಿದೆ. ಒಂದನ್ನು ತರುವುದು ಬಣ್ಣಕ್ಕೆ, ಘಮಕ್ಕೆ. ಇನ್ನೊಂದು ಖಾರಕ್ಕೆ. ಖಾರ ಜಾಸ್ತಿ ಇದೆ ಎಂದು ಯಾರೂ ಸಾರಿನಪುಡಿಯನ್ನು ಹೊಗಳುವುದಿಲ್ಲ. ವಿಸ್ಕಿಯ ವಿಷಯದಲ್ಲಿ ಮಾತ್ರ "60 ಪರ್ಸೆಂಟ್ ಕಣೋ" ಎಂದ ಕೂಡಲೇ ಅದು ದೊಡ್ಡದಾಗಿ ಕಾಣುತ್ತದೆ. ರೇರ್ ಬ್ರೀಡ್ ಕುಡಿದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಹೆಚ್ಚಾದದ್ದು ಘಮವೋ, ಉರಿಯೋ, ಎರಡೂನೋ? ಉತ್ತರ ಬರೆದಿಡಿ. ಎರಡನೇ ಸಂಜೆಗೆ ಅದು ಬೇಕು.

ಗ್ಲಾಸಿನಿಂದ ಗ್ಲಾಸಿಗೆ ಹೋಗುವಾಗ ನೀರು ಕುಡಿಯಿರಿ. ಉಪ್ಪಿಲ್ಲದ ಬಿಸ್ಕತ್ತು ಅಥವಾ ಬ್ರೆಡ್ ತುಂಡು ಇರಲಿ. ನೆಂಚಿಕೊಳ್ಳಲು ಖಾರದ ಕಡಲೆಬೀಜ, ಚಿಪ್ಸ್ ಈಗ ಬೇಡ.

ಎರಡನೇ ಸಂಜೆ: ಎಲ್ಲವನ್ನೂ ಒಂದೇ ಮಟ್ಟಕ್ಕೆ ಇಳಿಸುವುದು

ಈ ಸಂಜೆಗಾಗಿಯೇ ನಾನು ಇಷ್ಟೆಲ್ಲ ಬರೆದದ್ದು. ನಾಲ್ಕನ್ನೂ ಶೇ 43ಕ್ಕೆ ಇಳಿಸಿ ಹೋಲಿಸುತ್ತೇವೆ. ಉರಿಯ ವ್ಯತ್ಯಾಸ ಹೋದ ಮೇಲೆ ಉಳಿಯುವ ವ್ಯತ್ಯಾಸ ಏನೋ ಅದೇ ನಿಜವಾದ ವ್ಯತ್ಯಾಸ.

ಲೆಕ್ಕ ಸುಲಭ. ವಿಸ್ಕಿಯ ಮಿಲಿಯನ್ನು ಅದರ ಶೇಕಡಾದಿಂದ ಗುಣಿಸಿ, ಬೇಕಾದ ಶೇಕಡಾದಿಂದ ಭಾಗಿಸಿ. ಬಂದದ್ದರಲ್ಲಿ ಮೊದಲಿನ ಮಿಲಿ ಕಳೆಯಿರಿ. ಉಳಿದದ್ದು ಹಾಕಬೇಕಾದ ನೀರು. 15 ಮಿಲಿ ಇವಾನ್ ಬಿಳಿಗೆ 2.4 ಮಿಲಿ ನೀರು. 101ಕ್ಕೆ 2.6. ರೇರ್ ಬ್ರೀಡ್‌ಗೆ 5.4. ಇವಾನ್ ಕಪ್ಪಿಗೆ ಏನೂ ಬೇಡ. ಕೋಣೆಯ ಬಿಸಿಯಲ್ಲಿರುವ ಫಿಲ್ಟರ್ ನೀರು ಬಳಸಿ. ಬೋರ್‌ವೆಲ್ ನೀರಿನ ಗಡಸು, ನಲ್ಲಿ ನೀರಿನ ಕ್ಲೋರಿನ್ ಎರಡೂ ಗ್ಲಾಸಿನಲ್ಲಿ ಎದ್ದು ಕಾಣುತ್ತವೆ.

ನೀರು ಹಾಕಿದ ಕೂಡಲೇ ಕುಡಿಯಬೇಡಿ. ಐದು ನಿಮಿಷ ಮುಚ್ಚಿಡಿ, ಚಿಕ್ಕ ತಟ್ಟೆ ಸಾಕು. ರೇರ್ ಬ್ರೀಡ್ ಸ್ವಲ್ಪ ಮಬ್ಬಾದರೆ ಗಾಬರಿ ಬೇಡ. ಅದನ್ನು ತಣ್ಣಗೆ ಮಾಡಿ ಸೋಸಿರುವುದಿಲ್ಲ. ಎಣ್ಣೆಯಂಥ ಕೆಲವು ಅಂಶಗಳು ಉಳಿದಿರುತ್ತವೆ, ನೀರು ಬಿದ್ದಾಗ ಕಾಣಿಸಿಕೊಳ್ಳುತ್ತವೆ.

ನೀರು ಹಾಕಿದರೆ ವಿಸ್ಕಿ ಕೆಡುತ್ತದೆ, "ರಾ" ಕುಡಿಯುವವನೇ ಗಂಡು ಎನ್ನುವ ಮಾತು ಊರಲ್ಲೂ ಇದೆ, ಇಲ್ಲೂ ಇದೆ. ನಾನು ಒಪ್ಪುವುದಿಲ್ಲ. 2017ರಲ್ಲಿ ಸ್ವೀಡನ್ನಿನ ಲಿನೀಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಕಂಪ್ಯೂಟರ್ ಮಾದರಿಯಲ್ಲಿ ಇದನ್ನು ಪರೀಕ್ಷಿಸಿದರು. ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಎಂಬ ಅಣು ಶೇ 45 ಅಥವಾ ಅದಕ್ಕಿಂತ ಕಡಿಮೆ ಆಲ್ಕೋಹಾಲ್‌ನಲ್ಲಿ ಮೇಲ್ಮೈಗೆ ಬಂದು ನಿಲ್ಲುತ್ತದೆ. ಶೇ 59 ದಾಟಿದರೆ ಒಳಗೆ ಸರಿಯುತ್ತದೆ. ಮೇಲ್ಮೈಯಲ್ಲಿದ್ದರೆ ತಾನೇ ಮೂಗಿಗೆ ಸಿಗುವುದು? ಸುಟ್ಟ ಪೀಪಾಯಿಯ ಬರ್ಬನ್‌ಗೂ ಇದು ಕೆಲಸಕ್ಕೆ ಬರುವ ಮಾತು.

ಈಗ ಕಣ್ಣು ಮರೆಯ ಪರೀಕ್ಷೆ. ಮನೆಯವರೊಬ್ಬರಿಗೆ ಹೇಳಿ ಗ್ಲಾಸುಗಳ ತಳಕ್ಕೆ ಚೀಟಿ ಅಂಟಿಸಿ ಅದಲುಬದಲು ಮಾಡಿಸಿ. ಮೂಸಿ, ಕುಡಿದು, ಇಷ್ಟವಾದ ಕ್ರಮದಲ್ಲಿ ಬರೆಯಿರಿ. ಆಮೇಲೆ ಚೀಟಿ ನೋಡಿ. ನನಗೆ ಮೊದಲ ಸಲ ಆದದ್ದು ಹೇಳುತ್ತೇನೆ. ಇವಾನ್ ಕಪ್ಪು ಮತ್ತು ನೀರು ಬೆರೆಸಿದ ಇವಾನ್ ಬಿಳಿ ಎರಡನ್ನೂ ಗುರುತಿಸಲು ಒದ್ದಾಡಿದೆ. ಬಿಳಿಯದರಲ್ಲಿ ಮರದ ಒಗರು ತುಸು ಹೆಚ್ಚು, ಅಷ್ಟೇ. ಆದರೆ 101 ಮತ್ತು ರೇರ್ ಬ್ರೀಡ್ ಗ್ಲಾಸುಗಳು ತಕ್ಷಣ ಬೇರೆಯಾಗಿ ನಿಂತವು. ರೇರ್ ಬ್ರೀಡ್‌ಗೆ ವಿಸ್ಕಿಯ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚೇ ನೀರು ಸೇರಿದ್ದರೂ ಕಿತ್ತಳೆಯ ಘಮ ಮೊದಲ ಸಂಜೆಗಿಂತ ಜಾಸ್ತಿ ಇತ್ತು. ಅಂದರೆ ಮೊದಲ ಜೋಡಿಯಲ್ಲಿ ನಾನು ಕೊಂಡದ್ದು ಬಹುಪಾಲು ಸ್ಟ್ರೆಂತ್. ಎರಡನೆಯದರಲ್ಲಿ ಸ್ಟ್ರೆಂತ್ ಜೊತೆಗೆ ವಯಸ್ಸು, ಮರ ಕೂಡ ಬಂದಿತ್ತು.

ಎರಡು ವಿಸ್ಕಿ ನಿಜವಾಗಿ ಬೇರೆ ಎಂದು ನಿಮಗೆ ಗೊತ್ತಾಗುತ್ತದೆಯೇ ಎಂಬ ಅನುಮಾನ ಇದ್ದರೆ ಮೂರು ಗ್ಲಾಸಿನ ಪರೀಕ್ಷೆ ಮಾಡಿ. ಎರಡರಲ್ಲಿ ಒಂದೇ ವಿಸ್ಕಿ, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಹೇಳಿ. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿ ಬರುತ್ತದೆ. ಹಾಗಾಗಿ ಬೇರೆ ಬೇರೆ ದಿನ ಐದಾರು ಸಲ ಮಾಡಿ. ಪ್ರತಿ ಸಲವೂ ಸರಿ ಬಂದರೆ ಮಾತ್ರ ನಂಬಿ.

ದುಡ್ಡಿನ ಲೆಕ್ಕ

750 ಮಿಲಿಯ ಇವಾನ್ ಬಿಳಿಯನ್ನು ಶೇ 43ಕ್ಕೆ ಇಳಿಸಿದರೆ 872 ಮಿಲಿ ಆಗುತ್ತದೆ. ಅಂದರೆ ಶೇ 16 ಜಾಸ್ತಿ. ಅಂಗಡಿಯಲ್ಲಿ ಕಪ್ಪು ಮತ್ತು ಬಿಳಿಯ ಬೆಲೆ ವ್ಯತ್ಯಾಸ ಅದಕ್ಕಿಂತ ಕಡಿಮೆ ಇದ್ದರೆ ಬಿಳಿಯದೇ ಅಗ್ಗ. ಬೇಕಾದಾಗ ನೀರು ಹಾಕಿಕೊಳ್ಳುವ ಸ್ವಾತಂತ್ರ್ಯವೂ ನಿಮ್ಮದೇ. ಐಸ್ ಹಾಕಿ ಕುಡಿಯುವವರಿಗೆ, ಸೋಡಾ ಬೆರೆಸುವವರಿಗೆ ಬಿಳಿಯದನ್ನೇ ಹೇಳುತ್ತೇನೆ. ಐಸ್ ಕರಗಿದರೂ ರುಚಿ ನಿಲ್ಲುತ್ತದೆ.

ರೇರ್ ಬ್ರೀಡ್ ಬಾಟಲಿ ಶೇ 43ಕ್ಕೆ ಇಳಿಸಿದರೆ 1,019 ಮಿಲಿ. ಆದರೆ ಅದರ ಬೆಲೆ ಇವಾನ್‌ಗಿಂತ ಎರಡು ಪಟ್ಟಿಗೂ ಜಾಸ್ತಿ. ನೀರಿನ ಲೆಕ್ಕದಲ್ಲಿ ಅದು ಗಿಟ್ಟುವುದಿಲ್ಲ. ಘಮದ ಲೆಕ್ಕದಲ್ಲಿ ನನಗೆ ಗಿಟ್ಟುತ್ತದೆ. ನಿಮ್ಮ ಎರಡನೇ ಸಂಜೆಯ ಚೀಟಿಯಲ್ಲಿ ಅದು ಮೇಲೆ ಬರದಿದ್ದರೆ ಕೊಳ್ಳಬೇಡಿ. ಇಷ್ಟರಲ್ಲಿ ದಿನನಿತ್ಯಕ್ಕೆ ಒಂದೇ ಬಾಟಲಿ ಇಡಿ ಎಂದರೆ ನಾನು ಇಡುವುದು 101.

ಓಹಾಯೋದಂಥ ರಾಜ್ಯಗಳಲ್ಲಿ ಸ್ಟ್ರಾಂಗ್ ಮದ್ಯದ ಬೆಲೆಯನ್ನು ಸರ್ಕಾರವೇ ನಿಗದಿ ಮಾಡುತ್ತದೆ. ಕೆಂಟಕಿಯಲ್ಲಿ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಎರಡೂ ಕಡೆ ನೋಡಿ ಕೊಳ್ಳಿ. ಸಿಗುವುದೇ ಅಪರೂಪ ಎನ್ನುವ ಬಾಟಲಿಗಳಿಗೆ ಮೂರು ನಾಲ್ಕು ಪಟ್ಟು ಕೊಡುವವರನ್ನು ಕಂಡರೆ ನನಗೆ ಬೇಸರ. ಅಷ್ಟು ದುಡ್ಡಿಗೆ ಈ ನಾಲ್ಕೂ ಬಂದು ಮಿಗುತ್ತದೆ.

ಊರಿಗೆ ಒಯ್ಯುವವರಿಗೆ ಒಂದು ಮಾತು. ಭಾರತಕ್ಕೆ ಒಬ್ಬರು ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್. ಅಂದರೆ 750 ಮಿಲಿಯ ಎರಡು ಬಾಟಲಿ. ಮೂರನೆಯದು ಮಿತಿ ದಾಟುತ್ತದೆ. ಶೇ 70 ಮೀರಿದ ಮದ್ಯವನ್ನು ವಿಮಾನದಲ್ಲಿ ಒಯ್ಯುವಂತೆಯೇ ಇಲ್ಲ. ಭಾರತವು ಬರ್ಬನ್ ಮೇಲಿನ ಆಮದು ಸುಂಕವನ್ನು 2025ರ ಫೆಬ್ರುವರಿಯಲ್ಲಿ ಶೇ 150ರಿಂದ 100ಕ್ಕೆ ಇಳಿಸಿತು.

ಮುಂದಿನ ಜೋಡಿಗಳು

ಧಾನ್ಯದ ವ್ಯತ್ಯಾಸ ತಿಳಿಯಬೇಕಾದರೆ ಓಲ್ಡ್ ಗ್ರ್ಯಾಂಡ್-ಡ್ಯಾಡ್ 114 ತನ್ನಿ. ಶೇ 57. ಅದರಲ್ಲಿ ರೈ 27 ಭಾಗ, ಅಂದರೆ ವೈಲ್ಡ್ ಟರ್ಕಿಯ ಎರಡರಷ್ಟು. ಸ್ಟ್ರೆಂತ್ ರೇರ್ ಬ್ರೀಡ್‌ಗೆ ಹತ್ತಿರ, ಬೆಲೆ ಕಡಿಮೆ. ಶುಂಠಿ, ಕಾಳುಮೆಣಸಿನ ಕಷಾಯ ಇಷ್ಟಪಡುವವರಿಗೆ ಇದು ಹಿಡಿಸುತ್ತದೆ. ಅದರ ಎದುರು ಮೇಕರ್ಸ್ ಮಾರ್ಕ್ ಇಡಿ. ಅಲ್ಲಿ ರೈ ಇಲ್ಲವೇ ಇಲ್ಲ, ಬದಲಿಗೆ 16 ಭಾಗ ಗೋಧಿ. ಶೇ 45. ಅದರದ್ದೇ ಕಾಸ್ಕ್ ಸ್ಟ್ರೆಂತ್ (ಬ್ಯಾರೆಲ್ ಪ್ರೂಫ್‌ನ ಇನ್ನೊಂದು ಹೆಸರು) ಕೂಡ ಸಿಗುತ್ತದೆ, ಮತ್ತೆ ಜೋಡಿಯಾಗುತ್ತದೆ.

ಎಲೈಜಾ ಕ್ರೇಗ್ ಬ್ಯಾರೆಲ್ ಪ್ರೂಫ್ ವರ್ಷಕ್ಕೆ ಮೂರು ಸಲ ಬರುತ್ತದೆ, ಪ್ರತಿ ಸಲವೂ ಸ್ಟ್ರೆಂತ್ ಬೇರೆ. ಲೇಬಲ್ ಮೇಲೆ ಸಿ923 ಎಂದಿದ್ದರೆ 2023ರ ಸೆಪ್ಟೆಂಬರಿನ ಮೂರನೇ ಬಿಡುಗಡೆ ಎಂದರ್ಥ. ಇಂಥವುಗಳಲ್ಲಿ ನೀರಿನ ಲೆಕ್ಕವನ್ನು ನಿಮ್ಮ ಕೈಯಲ್ಲಿರುವ ಬಾಟಲಿಯ ಶೇಕಡಾ ಹಿಡಿದೇ ಮಾಡಿ. ತೆರೆದ ಬಾಟಲಿಗಳನ್ನು ನಿಲ್ಲಿಸಿಯೇ ಇಡಿ. ಮಲಗಿಸಿದರೆ ಸ್ಟ್ರಾಂಗ್ ಆಲ್ಕೋಹಾಲ್ ಕಾರ್ಕನ್ನು ತಿಂದುಹಾಕುತ್ತದೆ.

ಕೊನೆಯ ಹೆಜ್ಜೆ ಒಂದಿದೆ. ಎರಡನೇ ಸಂಜೆ ಮುಗಿದ ಮೇಲೆ ಗ್ಲಾಸುಗಳನ್ನು ತೊಳೆಯಬೇಡಿ. ಖಾಲಿ ಮಾಡಿ ಹಾಗೇ ಮೇಜಿನ ಮೇಲೆ ಬಿಡಿ. ಬೆಳಗ್ಗೆ ಎದ್ದು, ಕಾಫಿಗೆ ಮೊದಲು, ಒಂದೊಂದನ್ನೂ ಮೂಸಿ. ಆಲ್ಕೋಹಾಲ್ ಪೂರ್ತಿ ಹಾರಿಹೋಗಿರುತ್ತದೆ. ತಳದಲ್ಲಿ ಒಣಗಿದ ಕಂದು ಕಲೆ ಮಾತ್ರ ಉಳಿದಿರುತ್ತದೆ. ಇವಾನ್ ಗ್ಲಾಸಿನಲ್ಲಿ ತೆಳುವಾದ ಬೆಲ್ಲದ ವಾಸನೆ. ರೇರ್ ಬ್ರೀಡ್ ಗ್ಲಾಸಿನಲ್ಲಿ ಸುಟ್ಟ ಮರ, ಜೇನು, ಒಣಗಿದ ಕಿತ್ತಳೆ ಸಿಪ್ಪೆ. ಮೂಗಿಗೆ ಒಂದಿಷ್ಟೂ ಉರಿಯಿಲ್ಲ.